ಸಂಜೆಯ ತೋಳು, ಮರುದಿನದ ಪಾಠ

ನಾನು ಓದು ನಿಲ್ಲಿಸಿದ್ದು ೧೯೮೮ರಲ್ಲಿ, ಜಗಳೂರು ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ, ಏಳನೇ ಕ್ಲಾಸಿನ ನಡುವೆ. ದಸರಾ ರಜೆಗೆ ಮನೆಗೆ ಬಂದವನು ಮತ್ತೆ ಹೋಗಲಿಲ್ಲ. ಹೊನ್ನಾಳಿಯಲ್ಲಿ ಸೋದರಮಾವನ ಮನೆಯ ಪಕ್ಕ ಒಬ್ಬ ಉಸ್ತಾದರ ಹೊಲಿಗೆ ಅಂಗಡಿ ಇತ್ತು. ಅಲ್ಲಿ ಅಂಗಿಯ ಗುಂಡಿಗೆ ಕಾಜ ಮಾಡುವುದರಿಂದ ಶುರು ಮಾಡಿ ಕತ್ತರಿ ಹಿಡಿದೆ. ಈಗ ಚನ್ನಗಿರಿಯಲ್ಲಿ ನನ್ನದೇ ಅಂಗಡಿ. ನನ್ನ ವಿಷಯ ಇಷ್ಟು ಸಾಕು. ಹೇಳಬೇಕಾದದ್ದು ಗೋವಿನಕೋವಿಯ ಮೂರು ತಿಂಗಳ ಮಾತು.

ಹಳ್ಳಿಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಒಂದು ಸಂಸ್ಥೆ ನನ್ನನ್ನು ಮೊದಲು ಕರೆದದ್ದು ತ್ಯಾವಣಿಗೆಗೆ. ಹದಿನೆಂಟು ಮಂದಿ, ತೊಂಬತ್ತು ದಿನ, ಕೊನೆಗೆ ಹೊರಗಿನಿಂದ ಬಂದವರು ನಡೆಸುವ ಪರೀಕ್ಷೆ. ಪರೀಕ್ಷೆಯಲ್ಲಿ ಪಕ್ಕದವಳ ಅಳತೆಗೆ ಒಂದು ಬ್ಲೌಸ್ ಹೊಲಿದು ಅವಳಿಗೇ ತೊಡಿಸಿ ತೋರಿಸಬೇಕು, ಜೊತೆಗೆ ಒಂದು ಫ್ರಾಕು. ನಾನು ನನಗೆ ಗೊತ್ತಿದ್ದದ್ದನ್ನೆಲ್ಲ ಸುರಿದೆ. ಬೋರ್ಡಿನ ಮೇಲೆ ಗೆರೆ ಎಳೆದೆ, ಮೇಜಿನ ಮೇಲೆ ಕತ್ತರಿಸಿ ತೋರಿಸಿದೆ, ಪ್ರತಿ ಸಲ ಕೇಳಿದೆ, "ಗೊತ್ತಾಯ್ತೇನ್ರಮ್ಮಾ?"

"ಹ್ಞೂಂ ಸಾರ್" ಎಂದು ಹದಿನೆಂಟು ಬಾಯಿ ಒಟ್ಟಿಗೆ ಹೇಳುತ್ತಿದ್ದವು. ಆ ಹ್ಞೂಂ ಕೇಳಿ ನಾನು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ.

ಪಾಸಾದವರು ಐದು ಮಂದಿ. ಎಂಟು ಜನ ಎರಡೂ ಎಡಗೈ ತೋಳು ಹೊಲಿದಿದ್ದರು. ಉಳಿದವರ ಬ್ಲೌಸ್ ತೊಟ್ಟವರ ಮೈಗೆ ಕೂರಲಿಲ್ಲ.

ತೋಳಿನ ವಿಷಯ ಹೊಲಿಗೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ತೋಳಿನ ಮೇಲ್ಭಾಗ ಸಣ್ಣ ಗುಡ್ಡದ ಹಾಗೆ ಇರುತ್ತದೆ. ಎದೆಯ ಕಡೆಗೆ ಅದನ್ನು ಸುಮಾರು ಅರ್ಧ ಇಂಚು ಹೆಚ್ಚು ಒಳಕ್ಕೆ ಕತ್ತರಿಸಬೇಕು, ಬೆನ್ನಿನ ಕಡೆ ತುಂಬಿಕೊಂಡಿರಬೇಕು. ಬಟ್ಟೆಯ ಒಳ್ಳೆ ಮುಖ ಒಂದಕ್ಕೊಂದು ಎದುರಾಗುವಂತೆ ಮಡಿಸಿ ಎರಡು ಪದರವನ್ನೂ ಸೇರಿಸಿ ಕತ್ತರಿಸಿದರೆ ಒಂದು ಎಡಗೈಗೆ, ಒಂದು ಬಲಗೈಗೆ ಸರಿಹೋಗುತ್ತದೆ. ಒಂದೊಂದನ್ನೇ ಅದೇ ಮುಖ ಮೇಲಿಟ್ಟು ಕತ್ತರಿಸಿದರೆ ಎರಡೂ ಒಂದೇ ಕೈಯವು. ಹೊಲಿದು ಮುಗಿಯುವ ತನಕ ಅದು ಕಣ್ಣಿಗೆ ಬೀಳುವುದಿಲ್ಲ.

ಸಂಸ್ಥೆಯ ಮೇಲ್ವಿಚಾರಕಿ ಮೇಡಂ ಬಿ.ಎಡ್. ಓದಿದವರು, ಮುಲಾಜಿಲ್ಲದೆ ಮಾತಾಡುವವರು. ಅಂಗಡಿಗೇ ಬಂದು ಹೇಳಿದರು, "ಆಫೀಸಲ್ಲಿ ನಿಮ್ಮ ಓದಿನ ಮಾತು ಬಂತು ಕಣ್ರೀ. ಏಳನೇ ಕ್ಲಾಸೂ ಮುಗಿಸದವರನ್ನ ಮೇಷ್ಟ್ರು ಮಾಡಿದ್ದೇ ತಪ್ಪು ಅಂದರು. ನಾನು ಇನ್ನೊಂದು ಅವಕಾಶ ಕೇಳಿದೀನಿ. ಗೋವಿನಕೋವಿ. ಅಲ್ಲೂ ಹೀಗೇ ಆದರೆ ನಿಮ್ಮ ಹೆಸರು ತೆಗೀತಾರೆ."

ನಾನು ಅವತ್ತು ಹೊಲಿಯುತ್ತಿದ್ದ ಸಫಾರಿ ಅಂಗಿಯ ಕಾಲರನ್ನು ಎರಡು ಸಲ ಬಿಚ್ಚಿದೆ. ಮೂವತ್ತು ವರ್ಷದಲ್ಲಿ ನನ್ನ ಕೈಕೆಲಸಕ್ಕೆ ಯಾರೂ ಬೆರಳು ತೋರಿಸಿರಲಿಲ್ಲ. ತೋರಿಸಿದ್ದು ಓದಿಗೆ. ಹೋದರೆ ಹೋಗಲಿ ಎಂದು ಬಿಡಬಹುದಿತ್ತು. ಆದರೆ ತ್ಯಾವಣಿಗೆಯ ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜಿ ಜನರ ನಡುವೆ "ಮೇಷ್ಟ್ರೇ" ಎಂದು ಕೂಗಿದ್ದಳು. ಯಾರನ್ನೋ ಎಂದು ಹಿಂತಿರುಗಿ ನೋಡಿದರೆ ನನ್ನನ್ನೇ. ಆ ಒಂದು ಕರೆಯನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಗೋವಿನಕೋವಿಯಲ್ಲಿ ಸಮುದಾಯ ಭವನ ಕೊಟ್ಟರು. ಹದಿನೇಳು ಹೆಣ್ಣುಮಕ್ಕಳು, ಒಂಬತ್ತು ಮೆಷಿನ್. ಮಧ್ಯಾಹ್ನ ಎರಡೂವರೆಯಿಂದ ಐದೂವರೆ. ಬೆಳಿಗ್ಗೆ ಅಂಗಡಿಯ ಕೆಲಸ ಮುಗಿಸಿ ಚನ್ನಗಿರಿಯಲ್ಲಿ ಬಸ್ ಹತ್ತಿ, ಹೊನ್ನಾಳಿಯಲ್ಲಿ ಬಸ್ ಬದಲಿಸಿ ಹೋಗುತ್ತಿದ್ದೆ. ಮೊದಲ ವಾರ ಕಳೆದ ಮೇಲೆ ನಾನು ಮತ್ತೆ ಅದನ್ನೇ ಕೇಳುತ್ತಿದ್ದೇನೆಂದು ನನಗೇ ಕೇಳಿಸಿತು: "ಗೊತ್ತಾಯ್ತೇನ್ರಮ್ಮಾ?" "ಹ್ಞೂಂ ಸಾರ್."

ಅವತ್ತು ಬಸ್ಸಿನಲ್ಲಿ ಉಸ್ತಾದರು ನೆನಪಾದರು. ಅವರು ನನ್ನನ್ನು ಒಂದು ದಿನವೂ "ಗೊತ್ತಾಯ್ತಾ" ಎಂದು ಕೇಳಿದವರಲ್ಲ. ಅಂಗಡಿ ಮುಚ್ಚುವ ಹೊತ್ತಿಗೆ ಸುಮ್ಮನೆ ಕೈ ಚಾಚುತ್ತಿದ್ದರು. ಆ ದಿನ ಮಾಡಿದ ಕಾಜದ ತುಂಡನ್ನು ಆ ಕೈಯಲ್ಲಿ ಇಡಬೇಕಿತ್ತು. ಅದನ್ನು ಬೆರಳಿನಿಂದ ಸವರಿ, "ಕಲ್ ದಾರ ಸಡ್ಲ ಹಿಡಿ" ಎಂದೋ, "ಕಲ್ ಬೇರೆ ಕೊಡ್ತೀನಿ" ಎಂದೋ ಹೇಳುತ್ತಿದ್ದರು; ಅವರ ಉರ್ದು ಬೆರೆತ ಮಾತಿನಲ್ಲಿ ಕಲ್ ಎಂದರೆ ನಾಳೆ. ನಾಳೆಯ ಕೆಲಸ ಏನೆಂಬುದು ಇವತ್ತಿನ ತುಂಡಿನಿಂದ ತೀರ್ಮಾನವಾಗುತ್ತಿತ್ತು.

ಮರುದಿನ ಐದು ಗಂಟೆಗೆ ನಾನೂ ಕೈ ಚಾಚಿದೆ. "ಪ್ರತಿಯೊಬ್ರೂ ಹಳೇ ಪೇಪರ್‌ನಲ್ಲಿ ಒಂದು ತೋಳು ಕತ್ತರಿಸಿ ಹೆಸರು ಬರ್ದು ಕೊಟ್ಟು ಹೋಗ್ರಿ. ಪಕ್ಕದವರದ್ದು ನೋಡಬ್ಯಾಡ್ರಿ."

ಹೊನ್ನಾಳಿಯಿಂದ ಚನ್ನಗಿರಿಗೆ ಬರುವ ಬಸ್ಸಿನಲ್ಲಿ ಆ ಕಾಗದದ ತೋಳುಗಳನ್ನು ತೊಡೆಯ ಮೇಲೆ ವಿಂಗಡಿಸಿದೆ. ಸರಿ ಇದ್ದವು, ಒಂದೇ ಜಾಗದಲ್ಲಿ ತಪ್ಪಿದವು, ಏನೂ ಹಿಡಿಯದವು. ಮೂರು ಗುಡ್ಡೆ. ಕಂಡಕ್ಟರ್ ಬಗ್ಗಿ ನೋಡಿದ. "ಏನ್ ಯಜಮಾನ್ರೇ, ಮನೀಗೆ ತೋರಣ ಕಟ್ತೀರೇನ್ರೀ?"

"ಹ್ಞೂಂ ಕಣಪ್ಪ, ನಿನ್ ಮದ್ವೀಗೆ."

"ನಂದು ಆಗಿ ಹನ್ನೆರಡು ವರ್ಷ ಆತು. ತಡ ಮಾಡಿದ್ರಿ."

ನಗು ಬಂತು, ಆದರೆ ತೊಡೆಯ ಮೇಲಿನ ಲೆಕ್ಕ ನಗುವಂಥದ್ದಲ್ಲ. ಸರಿ ಇದ್ದವು ಮೂರೇ. ಹನ್ನೊಂದು ತೋಳಿನಲ್ಲಿ ಎದೆ ಕಡೆಯ ಒಳಗತ್ತರಿಯೇ ಇಲ್ಲ. ಉಳಿದ ಮೂವರಿಗೆ ತೋಳಿನ ನಡುಮಡಿಕೆ ಎಲ್ಲಿ ಬರಬೇಕೆಂಬುದೇ ಗೊತ್ತಿಲ್ಲ. ಒಂದು ವಾರ ಹ್ಞೂಂ ಎಂದವರು ಇವರೇ. ತಪ್ಪು ಅವರದ್ದಲ್ಲ. ಗಂಡಸು ಮೇಷ್ಟ್ರು ಕೇಳಿದಾಗ ಹತ್ತು ಮಂದಿಯ ನಡುವೆ "ಇಲ್ಲ" ಎನ್ನುವ ಹೆಣ್ಣುಮಗಳು ಎಲ್ಲಿದ್ದಾಳೆ?

ಇಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಮರುದಿನ ಕಿಟಕಿಯ ಅಡ್ಡಕ್ಕೆ ದಾರ ಕಟ್ಟಿ ಹದಿನೇಳು ತೋಳನ್ನೂ ನೇತುಹಾಕಿದೆ, ಹೆಸರು ಸಮೇತ, ತಪ್ಪಿದ ಕಡೆ ಕೆಂಪು ಚಾಕಿನ ಗೆರೆ ಎಳೆದು. ನೋಡಿ ಕಲಿಯಲಿ ಎಂದು. ಅದರ ಮರುದಿನ ನಾಲ್ಕು ಮಂದಿ ಬರಲಿಲ್ಲ.

ತಂಡದಲ್ಲಿ ಎಲ್ಲರಿಗಿಂತ ದೊಡ್ಡವರು ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ. ಪಾತ್ರೆ ತೊಳೆದಿಟ್ಟು ನೇರ ಇಲ್ಲಿಗೆ ಬರುತ್ತಿದ್ದರು. ಅವರನ್ನು ಕೇಳಿದೆ, "ಆ ನಾಲ್ಕು ಜನ ಯಾಕಕ್ಕಾ ಬಂದಿಲ್ಲ?"

"ನೀವೇ ಓಡಿಸಿ ನನ್ನ ಕೇಳ್ತೀರಲ್ಲ ಸಾರ್."

"ನಾನಾ?"

"ಹೆಸರು ಬರ್ದು ಕಿಟಕೀಗೆ ಕಟ್ಟಿದ್ದು ಯಾರು? ಆ ಕಡೇಮನಿ ಸೊಸಿ ಐತಲ್ಲ, ಅದರ ಅತ್ತಿ ಡೈರಿಗೆ ಹಾಲು ಹಾಕಾಕೆ ಹೋಗ್ತಾ ನೋಡ್ಯಾಳೆ. ಇಷ್ಟು ದಿನ ಮನೀ ಕೆಲ್ಸ ಬಿಟ್ಟು ಹೋಗಿ ಕಲ್ತಿದ್ದು ಇದೇನಾ ಅಂತ ಊರಿಗೆಲ್ಲ ಹೇಳ್ಯಾಳೆ. ಇನ್ನು ಅದು ಹೆಂಗೆ ಬರ್ತೈತೆ?"

ನಾನು ದಾರ ಬಿಚ್ಚಿದೆ. ಬಿಚ್ಚುವಾಗ ಜಗಳೂರು ಕಡೆಯ ಆ ಶಾಲೆ ಕಣ್ಣ ಮುಂದೆ ಬಂತು. ದಸರಾ ರಜೆಗೆ ಸ್ವಲ್ಪ ದಿನ ಮುಂಚೆ ಮೇಷ್ಟ್ರು ನನ್ನ ಗಣಿತದ ಪೇಪರನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸಿದ್ದರು. ನಾನು ಓದು ಬಿಟ್ಟದ್ದಕ್ಕೆ ಮನೆಯಲ್ಲಿ ಬೇರೆ ಕಾರಣ ಹೇಳಿದ್ದೆ.

ಅಕ್ಕನ ಜೊತೆಗೆ ನಾನೇ ಆ ನಾಲ್ಕು ಮನೆಗೂ ಹೋಗಿ ಜಗಲಿಯ ಮೇಲೆ ಕೂತು, ತಪ್ಪು ನನ್ನದು ಎಂದು ಅತ್ತೆ ಮಾವಂದಿರ ಎದುರಿಗೇ ಹೇಳಿದೆ. ಕಡೇಮನೆಯ ಅತ್ತೆ, "ಮೇಷ್ಟ್ರೇ ತಪ್ಪಾತು ಅಂದ್ಮೇಲೆ ಇನ್ನೇನೈತೆ, ಹೋಗು ತಾಯಿ" ಎಂದು ಸೊಸೆಯನ್ನು ಕಳಿಸಿದಳು. ಅವತ್ತಿನಿಂದ ತುಂಡಿನ ಮೇಲೆ ಹೆಸರಿಲ್ಲ. ಪ್ರತಿಯೊಬ್ಬಳೂ ತನಗೆ ಬೇಕಾದ ಬಣ್ಣದ ದಾರದಲ್ಲಿ ಮೂಲೆಗೆ ಒಂದು ಹೊಲಿಗೆ ಹಾಕಿ ನಾನು ತಂದಿಟ್ಟ ಬುಟ್ಟಿಯಲ್ಲಿ ಬಿಟ್ಟು ಹೋಗಬೇಕು. ಯಾವ ದಾರ ಯಾರದ್ದೆಂದು ನನಗೆ ಮಾತ್ರ ಗೊತ್ತು. ಮರುದಿನ ಯಾರ ಮೆಷಿನ್ ಹತ್ತಿರ ಹೆಚ್ಚು ಹೊತ್ತು ನಿಲ್ಲಬೇಕೆಂಬುದನ್ನು ಬಸ್ಸಿನಲ್ಲೇ ತೀರ್ಮಾನಿಸುತ್ತಿದ್ದೆ. ಒಂದು ತಪ್ಪು ಐದಕ್ಕಿಂತ ಹೆಚ್ಚು ತುಂಡಿನಲ್ಲಿ ಕಂಡರೆ ಮರುದಿನ ಎಲ್ಲರಿಗೂ ಅದೇ ಪಾಠ. ಎರಡು ಮೂರರಲ್ಲಿ ಇದ್ದರೆ ಉಳಿದವರಿಗೆ ಬೇರೆ ಕೆಲಸ ಕೊಟ್ಟು ಅವರ ಹತ್ತಿರ ಮಾತ್ರ ಕೂರುವುದು.

ಮೂರನೇ ವಾರಕ್ಕೆ ಬುಟ್ಟಿಯ ತೋಳುಗಳೆಲ್ಲ ಸರಿ ಇದ್ದವು. ಬಟ್ಟೆ ಕೊಟ್ಟೆ. ಆರು ಜನ ಎರಡೂ ಎಡಗೈ ತೋಳು ಹೊಲಿದು ತಂದರು!

ತಲೆ ಕೆಟ್ಟುಹೋಯಿತು. ಕಾಗದದಲ್ಲಿ ಸರಿ, ಬಟ್ಟೆಯಲ್ಲಿ ತಪ್ಪು. ಒಂದು ದಿನ ಪೂರ್ತಿ ಯೋಚನೆ ಮಾಡಿದ ಮೇಲೆ ಹೊಳೆಯಿತು. ಪೇಪರಿಗೆ ಎರಡೂ ಕಡೆ ಅಕ್ಷರ, ಅದಕ್ಕೆ ಒಳ್ಳೆ ಮುಖವೂ ಇಲ್ಲ ಕೆಟ್ಟ ಮುಖವೂ ಇಲ್ಲ. ಎಡಗೈಯದನ್ನು ತಿರುಗಿಸಿ ಇಟ್ಟರೆ ಬಲಗೈಯದು. ಜೊತೆಗೆ ನಾನು ಕೇಳುತ್ತಿದ್ದದ್ದು ಒಂದೇ ತೋಳು. ಆ ತಪ್ಪು ಕಾಣಿಸದಂಥ ಪರೀಕ್ಷೆಯನ್ನು ನಾನೇ ಇಟ್ಟಿದ್ದೆ.

ಹಳೇ ಕ್ಯಾಲೆಂಡರ್ ತಂದೆ, ಒಂದು ಕಡೆ ಚಿತ್ರ, ಒಂದು ಕಡೆ ಬಿಳಿ. ಯಾರೂ ಕತ್ತರಿ ಎತ್ತಲಿಲ್ಲ. "ಸಾರ್, ಲಕ್ಷ್ಮಿಗೆ ಕತ್ತರಿ ಹಾಕಾಕೆ ಕೈ ಹೆಂಗ್ ಬರ್ತೈತ್ರೀ?" ಎಂದು ಒಬ್ಬಳು ಕಾಗದವನ್ನು ಕಣ್ಣಿಗೊತ್ತಿಕೊಂಡು ಮಡಿಸಿಟ್ಟಳು. ಸರಿ ಎಂದು ಹೊನ್ನಾಳಿಯ ಒಂದು ಬೀಜದ ಅಂಗಡಿಯಲ್ಲಿ ಮಿಕ್ಕ ಪೋಸ್ಟರ್ ಬೇಡಿ ತಂದೆ. ಒಂದು ಕಡೆ ದಪ್ಪ ದಪ್ಪ ಮೆಕ್ಕೆಜೋಳ, ಇನ್ನೊಂದು ಕಡೆ ಖಾಲಿ. "ಜೋಳದ ಮುಖ ಹೊರಗೆ ಬರಬೇಕು. ಒಂದಲ್ಲ, ಜೋಡಿ ಕೊಡ್ರಿ" ಎಂದೆ. ಜೋಡಿಯನ್ನು ತಮ್ಮ ತಮ್ಮ ಭುಜದ ಮೇಲೆ ಇಟ್ಟುಕೊಂಡು ನೋಡಬೇಕು. ಕಡೇಮನೆಯ ಸೊಸೆ ಇಟ್ಟುಕೊಂಡಳು. ಬಲಭುಜದ ಮೇಲೆ ಜೋಳ ಒಳಗೆ ಹೋಯಿತು.

"ಅಯ್ಯ, ನಂದು ಒಂದ್ ಕಡೆ ಬೆಳೆ ಕೈಕೊಟ್ತು ಸಾರ್" ಎಂದಳು. ಭವನವೆಲ್ಲ ನಕ್ಕಿತು. ಅವಳೇ ಮೊದಲು ನಕ್ಕದ್ದು ನನಗೆ ಮುಖ್ಯವಾಗಿತ್ತು. ಐದು ದಿನದಲ್ಲಿ ಒಂದೇ ಒಂದು ತಪ್ಪು ಜೋಡಿ ಉಳಿಯಲಿಲ್ಲ.

ಐವತ್ತನೇ ದಿನದ ಹೊತ್ತಿಗೆ ಪೂರ್ತಿ ಬ್ಲೌಸಿಗೆ ಬಂದೆವು. ನಮ್ಮ ಕಡೆ ಗಂಡಸು ಟೈಲರ್ ಹೆಂಗಸರ ಮೈಗೆ ಟೇಪು ಹಿಡಿಯುವುದಿಲ್ಲ. ಅವರು ಒಂದು ಅಳತೆ ಬ್ಲೌಸ್ ತಂದುಕೊಡುತ್ತಾರೆ, ಅದನ್ನು ಮೇಜಿನ ಮೇಲೆ ಹಾಸಿ ನಾವು ಅಳತೆ ತೆಗೆಯುತ್ತೇವೆ. ನನಗೆ ಬರುವ ವಿದ್ಯೆ ಅದೇ, ಅದನ್ನೇ ಕಲಿಸಿದೆ. ಪ್ರತಿಯೊಬ್ಬಳೂ ತನ್ನದೊಂದು ಅಳತೆ ಬ್ಲೌಸ್ ತಂದು ತನಗೇ ಹೊಲಿದುಕೊಂಡಳು. ಬಟ್ಟೆ ಕತ್ತರಿಸುವ ಮುಂಚೆ ಪೋಸ್ಟರಿನಲ್ಲಿ ಮಾಡಿದ ಹದಿನೇಳು ಮಾದರಿಯನ್ನೂ ನಾನೇ ಟೇಪಿನಲ್ಲಿ ನೋಡಿದ್ದೆ. ಭುಜ, ಎದೆ ಸುತ್ತು, ಕಂಕುಳ ಸುತ್ತು, ಸೊಂಟ, ಎಲ್ಲ ಕಾಲು ಇಂಚಿನೊಳಗೆ ಸರಿ.

"ನಾಳೆ ಹಾಕ್ಕೊಂಡು ಬರ್ರಿ" ಎಂದೆ. ಒಬ್ಬರೂ ಹಾಕಿಕೊಂಡು ಬರಲಿಲ್ಲ. "ಹೆಂಗೈತೆ?" ಎಂದರೆ, "ಸರಿ ಐತೆ ಸಾರ್." ಹಳೇ ಹ್ಞೂಂ ಬೇರೆ ವೇಷದಲ್ಲಿ ಬಂದಿತ್ತು.

ನಾನು ಬಾಯಿಯಲ್ಲಿ ಕೇಳುವುದನ್ನು ಬಿಟ್ಟೆ. "ಮನೆಯಲ್ಲಿ ತೊಟ್ಟು ನೋಡ್ರಿ. ಎಲ್ಲಿ ಹಿಡೀತೈತೋ ಅಲ್ಲಿ ಕೆಂಪು ದಾರದ ಗಂಟು, ಎಲ್ಲಿ ಸಡ್ಲವೋ ಅಲ್ಲಿ ಬಿಳಿ ಗಂಟು. ಬುಟ್ಟೀಲಿ ಹಾಕ್ರಿ" ಎಂದೆ. ಮರುದಿನ ಬುಟ್ಟಿ ತೆಗೆದರೆ ಹದಿಮೂರು ಬ್ಲೌಸಿನಲ್ಲಿ ಗಂಟು. ಹೆಚ್ಚಿನವು ಕೆಂಪು, ಎದೆಯಲ್ಲಿ, ಕಂಕುಳಲ್ಲಿ. ಮತ್ತೆ ಟೇಪು ಹಿಡಿದೆ. ಅಳತೆ ಬ್ಲೌಸಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ.

ಬಿಸಿಯೂಟದ ಅಕ್ಕನ ಅಳತೆ ಬ್ಲೌಸ್ ಎತ್ತಿ ಹಿಡಿದು ಕೇಳಿದೆ. "ಅಕ್ಕಾ, ಇದು ನಿಮಗೆ ಸರಿ ಕೂರ್ತೈತಾ?"

ಅಕ್ಕ ಸೆರಗು ಬಾಯಿಗೆ ಹಿಡಿದರು. "ಅದು ಮದ್ವೀಲಿ ಹೊಲ್ಸಿದ್ ಜಂಪರ್ ಸಾರ್. ನನ್ನ ಮಗಳಿಗೇ ಈಗ ಇಪ್ಪತ್ತೆರಡು."

"ಮತ್ತೆ ಇದನ್ಯಾಕೆ ಅಳತೀಗೆ ತಂದ್ರಿ?"

"ಇನ್ನೇನು ದಿನಾ ಹಾಕೋದನ್ನ ತರಾಕಾಗ್ತೈತಾ? ಅದು ಕಂಕುಳಾಗೆ ಹರ್ದಿರ್ತೈತೆ, ಹುಕ್ಕು ಹೋಗಿ ಪಿನ್ನು ಹಾಕಿರ್ತೀವಿ. ಗಂಡಸ್ರ ಮುಂದೆ ಇಡಬೇಕಾದ್ರೆ ಚಲೋದನ್ನೇ ಇಡಬೇಕಲ್ಲ. ಅದು ಇನ್ನೂ ಚಲೋ ಯಾಕೈತೆ ಹೇಳ್ರಿ? ಹಾಕಾಕೆ ಬರಲ್ಲ, ಅದಕ್ಕೆ!"

ಉಳಿದವರು ನಗು ತಡೆಯಲಾಗದೆ ಮೆಷಿನ್ನಿನ ಮೇಲೆ ತಲೆ ಇಟ್ಟರು. ನನಗೆ ನಗು ಬರಲಿಲ್ಲ. ಮೂವತ್ತು ವರ್ಷದಿಂದ ನನ್ನ ಅಂಗಡಿಗೆ ಬಂದ ಎಷ್ಟು ಅಳತೆ ಬ್ಲೌಸುಗಳು ಪೆಟ್ಟಿಗೆಯ ವಾಸನೆ ಹೊಡೆಯುತ್ತಿದ್ದವು! ಹೊಲಿದು ಕೊಟ್ಟ ಮೇಲೆ ಬಿಗಿಯಾಯಿತು ಎಂದು ವಾಪಸ್ ತಂದವರಿಗೆ, ಅಳತೆಯಂತೆಯೇ ಇದೆ ನೋಡಮ್ಮ ಎಂದು ನಾನು ಎಷ್ಟು ಜೋರು ಮಾಡಿದ್ದೆ.

ಐವತ್ತೆಂಟನೇ ದಿನ ಅದು. ಫ್ರಾಕು, ನೈಟಿ ಇನ್ನೂ ಮುಟ್ಟಿಯೇ ಇರಲಿಲ್ಲ. ಮುಂದೆ ಹೋದರೆ ಸಂಸ್ಥೆಯ ಪಾಠಪಟ್ಟಿಯಲ್ಲಿದ್ದದ್ದೆಲ್ಲ ಮುಗಿಯುತ್ತದೆ, ಕಾಗದದ ಮೇಲೆ ನಾನು ಗೆಲ್ಲುತ್ತೇನೆ, ಪರೀಕ್ಷೆಯಲ್ಲಿ ಅವರು ಸೋಲುತ್ತಾರೆ. ನಿಂತರೆ ಫ್ರಾಕಿನ ಅಂಕ ಹೋಗುತ್ತದೆ. ನಾನು ನಿಲ್ಲಿಸಿದೆ. ಅಳತೆ ಬ್ಲೌಸ್‌ಗಳನ್ನೆಲ್ಲ ಗಂಟು ಕಟ್ಟಿ ಮನೆಗೆ ಕಳಿಸಿದೆ.

ಮೈ ಅಳತೆ ತೆಗೆಯುವ ಪಾಠವನ್ನು ಭವನದ ನಡುಗಂಬಕ್ಕೆ ಟೇಪು ಸುತ್ತಿ ಹೇಳಿಕೊಟ್ಟೆ. ಹಿಂದೆ ಟೇಪು ಜೋತುಬಿದ್ದರೆ ಸುತ್ತಳತೆಯಲ್ಲಿ ಎರಡು ಇಂಚು ಹೆಚ್ಚು ತೋರಿಸುತ್ತದೆ, ಅದನ್ನು ಕಂಬದ ಮೇಲೆಯೇ ಕಣ್ಣಾರೆ ನೋಡಿದರು. ಆಮೇಲೆ ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ, ಬಾಗಿಲು ಹಾಕಿಕೊಂಡರು. ನಿಯಮ ಒಂದೇ: ಒಬ್ಬಳ ಅಳತೆಯನ್ನು ಇಬ್ಬರು ಬೇರೆ ಬೇರೆಯಾಗಿ ತೆಗೆಯಬೇಕು, ಒಬ್ಬರ ಚೀಟಿ ಇನ್ನೊಬ್ಬರು ನೋಡಬಾರದು, ಎರಡನ್ನೂ ದಾರದ ಗುರುತು ಹಾಕಿ ಕಿಟಕಿಯಿಂದ ನನಗೆ ಕೊಡಬೇಕು. ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಚೀಟಿ ವಾಪಸ್. ಮೊದಲ ದಿನ ಹದಿನೇಳರಲ್ಲಿ ಹದಿನಾಲ್ಕು ವಾಪಸ್ ಹೋದವು.

ಎರಡನೇ ದಿನ ಮೇಡಂ ಹೇಳದೆ ಬಂದರು. ಮೇಷ್ಟ್ರು ಮೆಟ್ಟಿಲ ಮೇಲೆ, ಬಾಗಿಲು ಬಂದ್, ಒಳಗೆ ನಗು.

"ಏನ್ರೀ ಇದು? ಕ್ಲಾಸ್ ಬಿಟ್ಟು ಹೊರಗೆ ಕೂತಿದೀರಾ?"

"ಕ್ಲಾಸ್ ನಡೀತಾ ಐತೆ ಮೇಡಂ. ನಾನು ಒಳಗಿದ್ರೆ ನಡೆಯಲ್ಲ."

ಚೀಟಿ ತೋರಿಸಿದೆ, ಬುಟ್ಟಿ ತೋರಿಸಿದೆ, ಜೋಳದ ತೋಳುಗಳನ್ನು ವಾರದ ಪ್ರಕಾರ ಕಟ್ಟಿಟ್ಟದ್ದನ್ನು ಬಿಚ್ಚಿ ತೋರಿಸಿದೆ. ಅವರು ಸೆರಗು ಸರಿಮಾಡಿಕೊಂಡು ಮೆಟ್ಟಿಲ ಮೇಲೆ ಕೂತು ಒಂದೊಂದನ್ನೇ ನೋಡಿದರು. "ಫ್ರಾಕು ಯಾವಾಗ?"

"ಟೈಮ್ ಉಳಿದ್ರೆ."

"ಉಳೀದೇ ಇದ್ರೆ?"

"ಬ್ಲೌಸ್ ಬಂದೋರಿಗೆ ಬದುಕು ನಡೀತೈತೆ ಮೇಡಂ. ಫ್ರಾಕಿನ ಅಂಕ ಹೋದ್ರೆ ನನ್ನ ಹೆಸರು ಹೋಗ್ತೈತೆ. ಹೋಗ್ಲಿ ಬಿಡ್ರಿ."

ಅವರು ಚೀಟಿಗಳನ್ನು ಜೋಡಿಸಿ ನನ್ನ ಕೈಗಿಟ್ಟರು. "ಶಾಲೇಲಿ ಇದಕ್ಕೆ ರೂಪಣಾತ್ಮಕ ಮೌಲ್ಯಮಾಪನ ಅಂತಾರೆ ಕಣ್ರೀ. ಕಲೀತಾ ಇರೋವಾಗಲೇ ನೋಡಿ, ಅದರಂತೆ ಪಾಠ ತಿದ್ದಿಕೊಳ್ಳೋದು. ನಾನು ಬಿ.ಎಡ್.ನಲ್ಲಿ ಅದರ ಮೇಲೆ ಎಂಟು ಪುಟ ಬರೆದಿದ್ದೆ. ಹಿಂಗಿರ್ತೈತೆ ಅಂತ ಗೊತ್ತಿರಲಿಲ್ಲ." ಅವರ ಬಾಯಲ್ಲಿ ನಮ್ಮ ಮಾತು ಅವತ್ತೇ ಮೊದಲು ಕೇಳಿದ್ದು. ಫ್ರಾಕಿನ ಬಗ್ಗೆ ಮತ್ತೆ ಕೇಳಲಿಲ್ಲ.

ಚೀಟಿಗಳೆಲ್ಲ ಹೊಂದಲು ಒಂಬತ್ತು ದಿನ ಹಿಡಿಯಿತು. ಆಮೇಲೆ ಆ ಅಳತೆಗೆ ಹೊಸದಾಗಿ ಹೊಲಿದರು. ಎಪ್ಪತ್ತೊಂಬತ್ತನೇ ದಿನ ಹದಿನೇಳು ಮಂದಿಯೂ ತಾವು ಹೊಲಿದದ್ದನ್ನೇ ತೊಟ್ಟು ಬಂದರು. ಯಾರನ್ನೂ ಏನೂ ಕೇಳಬೇಕಾಗಲಿಲ್ಲ. ಉಳಿದ ದಿನಗಳಲ್ಲಿ ಫ್ರಾಕು ಅರ್ಧಂಬರ್ಧ ಆಯಿತು. ನೈಟಿ ಆಗಲೇ ಇಲ್ಲ.

ಪರೀಕ್ಷೆಯ ದಿನ ಬಂದ ಪರೀಕ್ಷಕಿ ಕನ್ನಡಕದ ಮೇಲಿಂದ ನೋಡುವ ಹೆಂಗಸು. ಬೆಳಿಗ್ಗೆ ಹತ್ತಕ್ಕೆ ಬಾಗಿಲು ಹಾಕಿದರು. ನಾನು ಅದೇ ಮೆಟ್ಟಿಲ ಮೇಲೆ ಕೂತೆ. ಮಧ್ಯಾಹ್ನದ ಹೊತ್ತಿಗೆ ಕಿಟಕಿಯಿಂದ ಬಿಸಿಯೂಟದ ಅಕ್ಕನ ಮುಖ ಕಂಡಿತು. ಮಾತಾಡುವ ಹಾಗಿಲ್ಲ. ತಮ್ಮ ಎರಡೂ ಭುಜವನ್ನು ಒಂದೊಂದೇ ಮುಟ್ಟಿ ತೋರಿಸಿ ಒಳಗೆ ಹೋದರು. ಎಡ ಒಂದು, ಬಲ ಒಂದು.

ಹದಿನೇಳರಲ್ಲಿ ಹದಿನೈದು ಪಾಸು. ಫ್ರಾಕಿನಲ್ಲಿ ಎಲ್ಲರಿಗೂ ಕಡಿಮೆ ಅಂಕ, ಪಾಸಾಗದ ಇಬ್ಬರಿಗೆ ಅದೇ ಮುಳುವಾಯಿತು. ಅದು ನನ್ನ ತೀರ್ಮಾನಕ್ಕೆ ಬಿದ್ದ ಬೆಲೆ, ಅವರು ಕೊಟ್ಟರು. ಇಬ್ಬರನ್ನೂ ಭಾನುವಾರ ಭಾನುವಾರ ಚನ್ನಗಿರಿಯ ಅಂಗಡಿಗೆ ಕರೆಸಿ ಫ್ರಾಕು ಕಲಿಸಿದೆ. ಮುಂದಿನ ಪರೀಕ್ಷೆಯಲ್ಲಿ ಒಬ್ಬಳು ಪಾಸಾದಳು. ಇನ್ನೊಬ್ಬಳು ಪರೀಕ್ಷೆಗೆ ಹೋಗಲಿಲ್ಲ. ಆದರೆ ಈಗ ನ್ಯಾಮತಿಯಲ್ಲಿ ಹೊಲಿಯುವ ಅವಳಿಗೇ ಎಲ್ಲರಿಗಿಂತ ಹೆಚ್ಚು ಗಿರಾಕಿ. ಅಳತೆ ಬ್ಲೌಸ್ ತಂದವರನ್ನು, "ಇದು ನೀವು ಹಾಕೋದಾ, ಇಡೋದಾ?" ಎಂದು ಮೊದಲೇ ಕೇಳುತ್ತಾಳಂತೆ.

ಈ ವರ್ಷ ಮೇಡಂ ಮತ್ತೆ ಅಂಗಡಿಗೆ ಬಂದರು. ಈ ಸಲ ಜಗಳೂರು. ಬೇರೆ ಕೇಂದ್ರದ ಹೊಲಿಗೆ ಮೇಷ್ಟ್ರುಗಳೂ ಎರಡು ದಿನ ಬಂದು ಕೂರುತ್ತಾರಂತೆ, ಬುಟ್ಟಿಯ ಪದ್ಧತಿ ನೋಡಲು. ಆಫೀಸಿನ ಅರ್ಜಿಯಲ್ಲಿ ವಿದ್ಯಾರ್ಹತೆ ಎಂಬ ಕಾಲಂ ಇತ್ತು. "ಖಾಲಿ ಬಿಡ್ರಿ, ನಾನು ನೋಡ್ಕೋತೀನಿ" ಎಂದರು. ನಾನು ಬಿಡಲಿಲ್ಲ. ಏಳನೇ ತರಗತಿ, ಅರ್ಧ, ಎಂದು ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಚನ್ನಗಿರಿಯ ಅಂಗಡಿಯಲ್ಲಿ ನಾಲ್ಕು ಮೆಷಿನ್. ಉಸ್ತಾದರು ಕೊಟ್ಟ ಒಂದು ಕತ್ತರಿ. ಒಂದು ಬಿದಿರಿನ ಬುಟ್ಟಿ. ಗೋವಿನಕೋವಿಯ ಜೋಳದ ತೋಳುಗಳು ತುಂಬಿದ ಒಂದು ಟ್ರಂಕು. ಜಗಳೂರಿನ ಹೊಸ ತಂಡದ ಇಪ್ಪತ್ತು ಬಣ್ಣದ ದಾರ. ತಾವು ಹೊಲಿದದ್ದನ್ನು ತಾವೇ ತೊಡುವ ಹದಿನೇಳು ಹೆಣ್ಣುಮಕ್ಕಳು. ಶಾಲೆಯ ಓದು ಆರೂವರೆ ವರ್ಷ.